ಮಹಾ ಅವಿಭಾಜ್ಯ ಸಂಖ್ಯೆಗಳ ಅನ್ವೇಷಕರು

ಗೃಹಸ್ಥಾಶ್ರಮಕ್ಕೆ ಕಾಲಿಟ್ಟವನಿಗೆ ಲೆಕ್ಕವೆಂಬುದು ತಪ್ಪಿದ್ದಲ್ಲ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ, ಮಕ್ಕಳ ಶುಲ್ಕದ ಲೆಕ್ಕ, ಮನೆ ಬಾಡಿಗೆಯ ಲೆಕ್ಕ ಎಂದು ತಿಂಗಳ ಮೊದಲನೆಯ ದಿನದಿಂದ ಕಡೆಯ ದಿನದ ವರೆಗೂ ಎಣಿಕೆಯು ನಡೆದೇ ಇರುವುದು. ಈ ಲೆಕ್ಕಗಳೆಲ್ಲವೂ ಪ್ರಯೋಜನಕ್ಕಾಗಿ ಹುಟ್ಟಿದವು. ಆದರೆ ಕಣ್ಣಿಗೆ ಕಾಣುವ ಪ್ರಯೋಜನವೊಂದೂ ಇಲ್ಲದ ಒಂದು ಲೆಕ್ಕಕ್ಕಾಗಿ ಲೋಕದ ನಾನಾ ದೇಶಗಳ ಸಾವಿರಾರು ಮಂದಿ, ಒಬ್ಬರ ಮುಖವನ್ನೊಬ್ಬರು ನೋಡದೆಯೇ, ಸಂಬಳವಿಲ್ಲದೆ, ವರ್ಷಗಟ್ಟಲೆ ಸೇರಿ ದುಡಿಯುತ್ತಿರುವರೆಂದರೆ ವಾಚಕರು ನಗಬಹುದು. ನಾನೂ ಮೊದಲು ನಕ್ಕವನೇ. ಆ ನಗೆಯು ಹೇಗೆ ಅಡಗಿತೆಂಬುದನ್ನು ಇಲ್ಲಿ ಬರೆಯುವೆನು.

ಯಲಹಂಕ ಉಪನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆಗಳ ಆಚೆ ಒಬ್ಬ ಗೃಹಿಣಿಯು ವಾಸವಾಗಿರುವರು. ಒಬ್ಬರ ಸಂಬಳದಲ್ಲಿ ಅಚ್ಚುಕಟ್ಟಾಗಿ ನಡೆಯುವ ಸಂಸಾರ. ಅವರ ಮಗನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಹುಡುಗ. ಬಾಲ್ಯದಲ್ಲಿ ನನ್ನ ಬಳಿ ಶಬ್ದರೂಪಗಳನ್ನು ಕಲಿತವನು. ಒಂದು ಸಂಜೆ ಆ ತಾಯಿಯು ವಿದ್ಯುತ್ತಿನ ಬಿಲ್ಲನ್ನು ಕೈಯಲ್ಲಿ ಹಿಡಿದು ಬಂದರು.

"ಮೇಷ್ಟ್ರೇ, ನೀವಾದರೂ ಇವನಿಗೆ ಬುದ್ಧಿ ಹೇಳಿ. ಮೂರು ವಾರದಿಂದ ಹಗಲೂ ರಾತ್ರಿಯೂ ಕಂಪ್ಯೂಟರನ್ನು ಆರಿಸಿಲ್ಲ. ಏನು ಮಾಡುತ್ತಿದ್ದೀಯೋ ಎಂದರೆ, ಯಾವುದೋ ಸಂಖ್ಯೆಯು ಒಡೆಯುತ್ತದೋ ಇಲ್ಲವೋ ನೋಡುತ್ತಿದ್ದೇನಮ್ಮ ಎನ್ನುತ್ತಾನೆ. ಬಿಲ್ಲು ನೋಡಿ!" ಎಂದರು.

ನೋಡಿದೆನು. ಪೂರ್ಣ ದುಡಿಮೆಯಲ್ಲಿ ನೂರು ವಾಟ್ ಬಳಸುವ ಯಂತ್ರವು ದಿನವಿಡೀ ಓಡಿದರೆ ದಿನಕ್ಕೆ 2.4 ಯೂನಿಟ್ಟು, ತಿಂಗಳಿಗೆ 72 ಯೂನಿಟ್ಟು ಆಗುವುದು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟುಗಳ ಮಿತಿಯನ್ನು ಆ ಮನೆಯು ದಾಟಿಬಿಟ್ಟಿದ್ದಿತು. ಮಿತಿ ದಾಟಿದರೆ ಬಿಲ್ಲನ್ನು ಪೂರ್ತಿಯಾಗಿ ತೆರಬೇಕಷ್ಟೆ. ನಾನು ಹುಡುಗನನ್ನು ಕರೆದು, "ಇದೇನಯ್ಯಾ ವ್ಯರ್ಥ ಕಾರ್ಯ?" ಎಂದೆನು. ಅವನು ತಲೆ ತಗ್ಗಿಸಿ, "ಮೇಷ್ಟ್ರೇ, ಒಂದು ಗಂಟೆ ಕೊಡಿ, ಕೇಳಿದ ಮೇಲೂ ವ್ಯರ್ಥವೆಂದರೆ ಈ ದಿನವೇ ನಿಲ್ಲಿಸುತ್ತೇನೆ" ಎಂದನು. ಹುಡುಗನ ಆ ಒಂದು ಗಂಟೆ ಮುಗಿದ ಮೇಲೆ ನಾನು ಹಲವು ದಿನ ಪುಸ್ತಕಗಳನ್ನು ಹುಡುಕಿ ಓದಬೇಕಾಯಿತು. ತಿಳಿದುಬಂದದ್ದರ ಸಾರಾಂಶವಿದು.

ಹನ್ನೆರಡು ಮಂದಿ ಮಕ್ಕಳನ್ನು ಅಂಗಳದಲ್ಲಿ ಸಮಸಾಲುಗಳಾಗಿ ನಿಲ್ಲಿಸಬೇಕೆಂದರೆ, ಮೂರು ಸಾಲಿನಲ್ಲಿ ನಾಲ್ಕು ನಾಲ್ಕು ಮಂದಿಯಂತೆಯೋ, ಎರಡು ಸಾಲಿನಲ್ಲಿ ಆರಾರು ಮಂದಿಯಂತೆಯೋ ನಿಲ್ಲಿಸಬಹುದು. ಹದಿಮೂರು ಮಂದಿಯಾದರೆ ಒಂದೇ ಸಾಲು; ಬೇರೆ ವಿಧವಿಲ್ಲ. ಹೀಗೆ ಒಂದರಿಂದಲೂ ತನ್ನಿಂದಲೂ ಹೊರತು ಮತ್ತಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 2, 3, 5, 7, 11, 13 ಇತ್ಯಾದಿ. ಉಳಿದವೆಲ್ಲ ಇವುಗಳ ಗುಣಾಕಾರದಿಂದ ಉಂಟಾದ ಸಂಯುಕ್ತ ಸಂಖ್ಯೆಗಳು. ವರ್ಣಗಳಿಂದ ಪದಗಳಾಗುವಂತೆ ಅವಿಭಾಜ್ಯಗಳಿಂದ ಸಂಖ್ಯೆಗಳಾಗುವುವು ಎನ್ನಬಹುದು. ಇವುಗಳಿಗೆ ಕೊನೆಯಿಲ್ಲವೆಂಬುದನ್ನು ಗ್ರೀಕ್ ಪಂಡಿತನಾದ ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದನು. ಆದರೆ ಕೊನೆಯಿಲ್ಲವೆಂದು ತಿಳಿಯುವುದು ಬೇರೆ. ಇಂಥಾದ್ದೇ ಒಂದು ಮಹಾಸಂಖ್ಯೆಯು ಅವಿಭಾಜ್ಯವೆಂದು ನಿರ್ಣಯಿಸುವುದು ಬೇರೆ. ಸಂಖ್ಯೆಯು ದೊಡ್ಡದಾದಂತೆ ಅದರ ಭಾಜಕವನ್ನು ಹುಡುಕುವ ಶ್ರಮವು ಊಹೆಗೆ ಮೀರಿ ಬೆಳೆಯುವುದು.

ಇಲ್ಲಿ ಚದುರಂಗದ ಕಥೆಯೊಂದನ್ನು ನೆನೆಯಬೇಕು. ಹಲಗೆಯ ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಮನೆಮನೆಗೂ ಇಮ್ಮಡಿಸಿ ಕೊಡೆಂದು ರಾಜನನ್ನು ಬೇಡಿದ ಜಾಣನ ಕಥೆಯನ್ನು ಕೇಳದವರಿಲ್ಲ. ಎರಡು ಮನೆಗಳ ಕಾಳುಗಳನ್ನು ಕೂಡಿದರೆ 3, ಮೂರು ಮನೆಗಳದು 7, ಐದು ಮನೆಗಳದು 31, ಏಳು ಮನೆಗಳದು 127. ಇವೆಲ್ಲವೂ ಅವಿಭಾಜ್ಯಗಳೇ. ನಾಲ್ಕು ಮನೆಗಳದು ಮಾತ್ರ 15, ಆರು ಮನೆಗಳದು 63, ಇವು ಒಡೆಯುವುವು. ಮನೆಗಳ ಎಣಿಕೆಯೇ ಸಂಯುಕ್ತವಾಗಿದ್ದರೆ ಕಾಳುಗಳ ಮೊತ್ತವೂ ಸಂಯುಕ್ತವಾಗಿಯೇ ತೀರುವುದು. ಅರುವತ್ತನಾಲ್ಕು ಮನೆಗಳ ಆ ಪ್ರಸಿದ್ಧ ರಾಶಿಯೂ ಐದರಿಂದ ಭಾಗವಾಗುವುದು. ಹಾಗಾದರೆ ಮನೆಗಳ ಎಣಿಕೆಯು ಅವಿಭಾಜ್ಯವಾದರೆ ಸಾಕೋ? ಸಾಲದು. ಹನ್ನೊಂದು ಮನೆಗಳ ಮೊತ್ತವಾದ 2047 ನೋಟಕ್ಕೆ ಗಟ್ಟಿಯಾಗಿ ಕಂಡರೂ 23ನ್ನು 89ರಿಂದ ಗುಣಿಸಿದರೆ ಅದೇ ಬರುವುದು. ಯಾವ ಹಲಗೆಯ ಮೊತ್ತವು ಒಡೆಯುವುದು, ಯಾವುದರದು ಒಡೆಯದು ಎಂಬ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ವಿದ್ವಾಂಸರು ಶತಮಾನಗಳನ್ನು ಕಳೆದಿರುವರು.

ಇಮ್ಮಡಿಯ ಈ ಲೆಕ್ಕವು ನಮಗೆ ಹೊಸದಲ್ಲವೆಂಬುದು ಸಂಸ್ಕೃತ ಛಂದಸ್ಸನ್ನು ಓದಿದವರಿಗೆ ಗೊತ್ತು. ಒಂದೊಂದು ಅಕ್ಷರವೂ ಲಘುವೋ ಗುರುವೋ ಆಗಬಹುದಾದ್ದರಿಂದ ಎಂಟು ಅಕ್ಷರದ ಪಾದಕ್ಕೆ 256 ವಿನ್ಯಾಸಗಳುಂಟು. ಇದನ್ನು ಪಡೆಯಲು ಎರಡನ್ನು ಎಂಟು ಸಲ ಗುಣಿಸಬೇಕಿಲ್ಲ. ಎರಡರ ವರ್ಗ ನಾಲ್ಕು, ಅದರ ವರ್ಗ ಹದಿನಾರು, ಅದರ ವರ್ಗ 256, ಮೂರೇ ಹೆಜ್ಜೆ ಎಂಬ ಉಪಾಯವನ್ನು ಪಿಂಗಳನು ತನ್ನ ಛಂದಃಶಾಸ್ತ್ರದಲ್ಲಿ ಸೂತ್ರಿಸಿರುವನು. ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನೂ ಛಂದಸ್ಸಿನ ಈ ಲೆಕ್ಕಗಳನ್ನು ತನ್ನ ಗ್ರಂಥದಲ್ಲಿ ಸೇರಿಸಿಕೊಂಡನು. ವರ್ಗದ ಮೇಲೆ ವರ್ಗ ಮಾಡುತ್ತ ಹೋಗುವ ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಕ್ರಿ. ಶ. 1644ರಲ್ಲಿ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿಯು 257 ಮನೆಗಳ ವರೆಗಿನ ಹಲಗೆಗಳಲ್ಲಿ ಯಾವುವು ಅವಿಭಾಜ್ಯ ಮೊತ್ತವನ್ನು ಕೊಡುವುವೆಂದು ಒಂದು ಪಟ್ಟಿಯನ್ನು ಪ್ರಕಟಿಸಿದನು. ಅಂದಿನಿಂದ ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಸಂಖ್ಯೆಗಳೆಂದೇ ಹೆಸರಾಯಿತು. ವಿಚಿತ್ರವೇನೆಂದರೆ ಆ ಪಟ್ಟಿಯಲ್ಲಿ ಐದು ತಪ್ಪುಗಳಿದ್ದುವು. ಅವುಗಳನ್ನೆಲ್ಲ ತಿದ್ದಲು ಮುನ್ನೂರು ವರ್ಷಗಳು ಹಿಡಿದುವು. 61 ಮನೆಗಳ ಮೊತ್ತವನ್ನು ಆತನು ಬಿಟ್ಟಿದ್ದನು. ಅದು ಅವಿಭಾಜ್ಯವೆಂದು 1883ರಲ್ಲಿ ತೋರಿಸಿದವನು ಪೆರ್ವುಶಿನ್ ಎಂಬ ರಷ್ಯಾ ದೇಶದ ಹಳ್ಳಿಯ ಪಾದ್ರಿ. 67 ಮನೆಗಳ ಮೊತ್ತವನ್ನು ಆತನು ಅವಿಭಾಜ್ಯವೆಂದಿದ್ದನು. 1903ರಲ್ಲಿ ಅಮೆರಿಕದ ಗಣಿತ ಸಂಘದ ಸಭೆಯೊಂದರಲ್ಲಿ ಕೋಲ್ ಎಂಬ ಅಧ್ಯಾಪಕನು ಎದ್ದು, ಮಾತಿಲ್ಲದೆ, ಕಪ್ಪು ಹಲಗೆಯ ಮೇಲೆ 193707721 ಮತ್ತು 761838257287 ಎಂಬ ಎರಡು ಸಂಖ್ಯೆಗಳನ್ನು ಬರೆದು, ಕೈಯಿಂದಲೇ ಗುಣಿಸಿ, ಆ ಮೊತ್ತವನ್ನೇ ಬರಿಸಿ ತನ್ನ ಸ್ಥಳಕ್ಕೆ ಹೋಗಿ ಕುಳಿತನಂತೆ. ಎಷ್ಟು ಕಾಲ ಹಿಡಿಯಿತೆಂದು ಕೇಳಿದವರಿಗೆ, ಮೂರು ವರ್ಷಗಳ ಭಾನುವಾರಗಳು ಎಂದನೆಂದು ಪ್ರತೀತಿ. ಇವರೆಲ್ಲರೂ ಬಿಡುವಿನ ವೇಳೆಯನ್ನು ಸಂಖ್ಯೆಗಾಗಿ ಧಾರೆಯೆರೆದವರು, ಆದರೆ ಒಬ್ಬೊಬ್ಬರೇ.

ಇವರ ನಡುವೆ ಲೂಕಾ ಎಂಬ ಫ್ರೆಂಚ್ ಗಣಿತಜ್ಞನು ಭಾಜಕಗಳನ್ನು ಹುಡುಕದೆಯೇ ನಿರ್ಣಯ ಹೇಳುವ ಒಂದು ಪರೀಕ್ಷೆಯನ್ನು ಕಂಡುಹಿಡಿದು, 1876ರಲ್ಲಿ 127 ಮನೆಗಳ ಮೊತ್ತವಾದ 39 ಅಂಕಿಗಳ ಸಂಖ್ಯೆಯು ಅವಿಭಾಜ್ಯವೆಂದು ಸಾಧಿಸಿದನು. ಲೆಹ್ಮರ್ ಎಂಬ ಅಮೆರಿಕನ್ನನು 1930ರಲ್ಲಿ ಆ ಪರೀಕ್ಷೆಯನ್ನು ಸರಳಗೊಳಿಸಿದನು. ಅದನ್ನು ಐದು ಮನೆಗಳ ಮೊತ್ತವಾದ 31ಕ್ಕೆ ಮಾಡಿ ನೋಡೋಣ. ನಾಲ್ಕರಿಂದ ಆರಂಭಿಸಿ, ವರ್ಗಮಾಡಿ, ಎರಡು ಕಳೆಯಬೇಕು. ಬಂದದ್ದು 31ಕ್ಕೆ ಹೆಚ್ಚಾದರೆ 31ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಮನೆಗಳ ಎಣಿಕೆಗಿಂತ ಎರಡು ಕಡಿಮೆ ಸಲ, ಎಂದರೆ ಇಲ್ಲಿ ಮೂರು ಸಲ, ಹೀಗೆ ಮಾಡಬೇಕು. ನಾಲ್ಕರ ವರ್ಗ 16, ಎರಡು ಕಳೆದರೆ 14. ಹದಿನಾಲ್ಕರ ವರ್ಗ 196, ಎರಡು ಕಳೆದರೆ 194, ಶೇಷ 8. ಎಂಟರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. ಕಡೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. ಸಂಶಯಕ್ಕೆ ಎಡೆಯಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಏಳು ಮನೆಗಳ 127ಕ್ಕೆ ಐದು ಸಲ ಮಾಡಿಸಿ ನೋಡಬಹುದು; ಸೊನ್ನೆಯೇ ಬರುವುದು.

ಕ್ರಮವು ಇಷ್ಟು ಸುಲಭವಾದರೂ ಸಂಖ್ಯೆಯು ಬೆಳೆದಂತೆ ಮನುಷ್ಯನ ಕೈ ಸೋಲುವುದು. 1952ರಲ್ಲಿ ರಾಬಿನ್ಸನ್ ಎಂಬುವನು ಗಣಕಯಂತ್ರದಿಂದ ಒಂದೇ ವರ್ಷದಲ್ಲಿ ಇಂಥ ಐದು ಅವಿಭಾಜ್ಯಗಳನ್ನು ಪಡೆದನು. 1978ರಲ್ಲಿ ಕ್ಯಾಲಿಫೋರ್ನಿಯದ ಲಾರಾ ನಿಕೆಲ್ ಮತ್ತು ಕರ್ಟ್ ನೋಲ್ ಎಂಬ ಹದಿನೆಂಟು ವರ್ಷದ ಇಬ್ಬರು ವಿದ್ಯಾರ್ಥಿಗಳು 6533 ಅಂಕಿಗಳ ಸಂಖ್ಯೆಯೊಂದನ್ನು ಕಂಡುಹಿಡಿದರು. ತರುವಾಯ ಒಂದು ಯಂತ್ರವೂ ಸಾಲದಾಯಿತು. ಆಗ, 1996ರ ಜನವರಿಯಲ್ಲಿ, ಜಾರ್ಜ್ ವೋಲ್ಟ್‌ಮನ್ ಎಂಬ ಅಮೆರಿಕನ್ನರಿಗೆ ಒಂದು ಆಲೋಚನೆ ಹೊಳೆಯಿತು. ಮನೆಮನೆಗಳಲ್ಲಿ ಈಗ ಗಣಕಯಂತ್ರಗಳಿರುವುವು. ಅವು ದಿನದ ಬಹುಭಾಗ ಸುಮ್ಮನೆ ಕುಳಿತಿರುವುವು. ಆ ಸುಮ್ಮನಿರುವ ಕಾಲವನ್ನು ದಾನವಾಗಿ ಬೇಡಿದರೆ? ಹೀಗೆ ಹುಟ್ಟಿದ್ದು ಗಿಂಪ್ಸ್ ಎಂಬ ಮರ್ಸೆನ್ ಸಂಖ್ಯಾನ್ವೇಷಕರ ಕೂಟ. ವೋಲ್ಟ್‌ಮನ್ನರು ತಾವೇ ತಂತ್ರಾಂಶವನ್ನು ಬರೆದು ಬೇಕಾದವರಿಗೆ ಉಚಿತವಾಗಿ ಹಂಚಿದರು.

ಇದು ನಡೆಯುವ ರೀತಿ ಹೇಗೆಂದರೆ, ಸೇರಬಯಸಿದವನು ತಂತ್ರಾಂಶವನ್ನು ತನ್ನ ಯಂತ್ರದಲ್ಲಿ ಇರಿಸಿಕೊಳ್ಳುವನು. ಅಂತರ್ಜಾಲದ ಮೂಲಕ ಕೇಂದ್ರವು ಅವನಿಗೆ ಒಂದು ಸಂಖ್ಯೆಯನ್ನು ಒಪ್ಪಿಸುವುದು; ಅದು ಅವನ ಪಾಲಿನ ಹೊಲವಿದ್ದಂತೆ, ಬೇರೆಯವರು ಅದನ್ನು ಉಳುವುದಿಲ್ಲ. ಸಣ್ಣ ಭಾಜಕಗಳಿಂದ ಒಡೆಯುವುದೇನೋ ಎಂದು ಮೊದಲು ಶೋಧಿಸಿರುವರು. ಆಮೇಲೆ ವರ್ಗದ ಮೇಲೆ ವರ್ಗ. ಪಿಂಗಳನ ಆ ಹೆಜ್ಜೆಯೇ ಕೋಟಿಗಟ್ಟಲೆ ಸಲ. ನಾವು ಶಾಲೆಯಲ್ಲಿ ಕಲಿತಂತೆ ಅಂಕಿಗೆ ಅಂಕಿಯನ್ನು ಗುಣಿಸುತ್ತ ಕುಳಿತರೆ ಯಂತ್ರವೂ ಮುಪ್ಪಾಗುವುದರಿಂದ, ಮಹಾಸಂಖ್ಯೆಗಳನ್ನು ಬೇಗನೆ ಗುಣಿಸುವ ಬೇರೊಂದು ಗಣಿತಯುಕ್ತಿಯನ್ನು ಬಳಸುವರು. ಅಷ್ಟಾದರೂ ಮನೆಯ ಯಂತ್ರವು ಒಂದು ಸಂಖ್ಯೆಯನ್ನು ಮುಗಿಸಲು ಕೆಲವು ದಿನಗಳೋ ಕೆಲವು ವಾರಗಳೋ ಬೇಕು. ನಡುವೆ ನಿಲ್ಲಿಸಿದರೆ ನಷ್ಟವಿಲ್ಲ. ಮಾಡಿದಷ್ಟು ಉಳಿದಿರುವುದು, ಮರಳಿ ಅಲ್ಲಿಂದಲೇ ಮುಂದುವರಿಸಬಹುದು.

ಕೂಟದ ಆದಾಯವನ್ನೂ ಹೇಳಬೇಕಷ್ಟೆ. ಆರಂಭವಾದ ವರ್ಷದ ನವೆಂಬರಿನಲ್ಲಿಯೇ ಫ್ರಾನ್ಸಿನ ಒಬ್ಬರಿಗೆ ಮೊದಲ ಫಲ ದೊರೆಯಿತು. 1999ರಲ್ಲಿ ಅಮೆರಿಕದ ನಯನ್ ಹಜರತ್‌ವಾಲಾ ಎಂಬುವರ ಯಂತ್ರವು ಹತ್ತು ಲಕ್ಷ ಅಂಕಿಗಳನ್ನು ಮೀರಿದ ಮೊದಲ ಅವಿಭಾಜ್ಯವನ್ನು ಕಂಡಿತು. ಅದಕ್ಕಾಗಿಯೇ ಇರಿಸಿದ್ದ ಐವತ್ತು ಸಾವಿರ ಡಾಲರ್ ಬಹುಮಾನವು ಬಂದಿತು. ಕರ್ಟಿಸ್ ಕೂಪರ್ ಎಂಬ ಪ್ರಾಧ್ಯಾಪಕರ ಯಂತ್ರವು 2015ರ ಸೆಪ್ಟೆಂಬರಿನಲ್ಲಿ ಒಂದು ಮಹಾಸಂಖ್ಯೆಯನ್ನು ಕಂಡು ಕೇಂದ್ರಕ್ಕೆ ವರದಿ ಮಾಡಿತು; ಆದರೆ ಎಚ್ಚರಿಕೆಯ ಪತ್ರವು ಹೊರಡದೆ ಹೋದ್ದರಿಂದ 2016ರ ಜನವರಿ 7ರ ವರೆಗೆ ಯಾರ ಗಮನಕ್ಕೂ ಬರಲಿಲ್ಲ. ಶೋಧದ ದಿನವೆಂದು ದಾಖಲಾದದ್ದು ಮನುಷ್ಯನ ಕಣ್ಣು ಬಿದ್ದ ಆ ದಿನವೇ. 2017ರ ಡಿಸೆಂಬರಿನಲ್ಲಿ ಫಲ ಪಡೆದ ಜೊನಾಥನ್ ಪೇಸ್ ಎಂಬುವರು ಹದಿನಾಲ್ಕು ವರ್ಷ ಹುಡುಕಿದವರು.

2018ರ ಡಿಸೆಂಬರಿನಲ್ಲಿ ಐವತ್ತೊಂದನೆಯ ಮರ್ಸೆನ್ ಅವಿಭಾಜ್ಯವು ದೊರೆತ ಮೇಲೆ ಸುಮಾರು ಆರು ವರ್ಷ ಬರಗಾಲ. ಸಾವಿರಾರು ಯಂತ್ರಗಳು ದುಡಿದುವು, ಒಂದೂ ಸಿಕ್ಕಲಿಲ್ಲ. ಕಡೆಗೆ 2024ರ ಅಕ್ಟೋಬರಿನಲ್ಲಿ ಐವತ್ತೆರಡನೆಯದು ಸಿಕ್ಕಿತು. ಲೂಕ್ ಡ್ಯುರಾಂಟ್ ಎಂಬ ಮೂವತ್ತಾರು ವರ್ಷದ ಅಮೆರಿಕನ್ನರು ಹದಿನೇಳು ದೇಶಗಳಲ್ಲಿರುವ ಪ್ರಬಲ ಯಂತ್ರಗಳನ್ನು ಈ ಕಾರ್ಯಕ್ಕೆ ಹೂಡಿದ್ದರು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್ ನಗರದ ಯಂತ್ರವೊಂದು, ಇದು ಅವಿಭಾಜ್ಯವಾಗಿರುವಂತಿದೆ ಎಂದಿತು. ಮರುದಿನ ಟೆಕ್ಸಾಸಿನ ಇನ್ನೊಂದು ಯಂತ್ರವು ಲೂಕಾ ಮತ್ತು ಲೆಹ್ಮರರ ಪರೀಕ್ಷೆಯಿಂದ ಹೌದೆಂದು ನಿಶ್ಚಯಿಸಿತು. ಆ ಚದುರಂಗದ ಹಲಗೆಗೆ 13,62,79,841 ಮನೆಗಳು! ಕಾಳುಗಳ ಮೊತ್ತವನ್ನು ಬರೆದರೆ 4,10,24,320 ಅಂಕಿಗಳು. ಪುಟಕ್ಕೆ ಎರಡು ಸಾವಿರ ಅಂಕಿಗಳಂತೆ ಅಚ್ಚು ಹಾಕಿಸಿದರೆ ಇಪ್ಪತ್ತು ಸಾವಿರ ಪುಟಗಳನ್ನು ಮೀರುವುದು. ಸೆಕೆಂಡಿಗೊಂದು ಅಂಕಿಯಂತೆ ನಿದ್ರಾಹಾರಗಳಿಲ್ಲದೆ ಓದಿದರೂ 475 ದಿನ ಬೇಕು. ದೊರೆತ ಮೂರು ಸಾವಿರ ಡಾಲರ್ ಬಹುಮಾನವನ್ನು ಡ್ಯುರಾಂಟರು ಅಲಬಾಮದ ಒಂದು ಗಣಿತ ವಿಜ್ಞಾನ ಶಾಲೆಗೆ ಕೊಟ್ಟುಬಿಡುವುದಾಗಿ ಹೇಳಿದರು.

ಇಷ್ಟನ್ನು ಕೇಳಿದ ಮೇಲೂ ನನ್ನ ಪ್ರಶ್ನೆಯು ಉಳಿದೇ ಇದ್ದಿತು. "ಸಿಕ್ಕವನಿಗೆ ಕೀರ್ತಿಯುಂಟು, ಸಿಕ್ಕದ ಸಾವಿರಾರು ಜನರ ಗತಿಯೇನು?" ಎಂದೆನು. ಹುಡುಗನು ಕೊಟ್ಟ ಉತ್ತರವು ನನ್ನನ್ನು ಚುಚ್ಚಿತು. "ಮೇಷ್ಟ್ರೇ, ನನಗೆ ಕೊಟ್ಟ ಸಂಖ್ಯೆ ನಿನ್ನೆ ರಾತ್ರಿ ಮುಗಿಯಿತು. ಅವಿಭಾಜ್ಯವಲ್ಲ ಎಂದು ಬಂತು. ಆದರೆ ಅದನ್ನು ಇನ್ನು ಮೇಲೆ ಯಾರೂ ಹುಡುಕಬೇಕಾಗಿಲ್ಲ" ಎಂದನು.

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಕಡೆಯ ಉತ್ತರ ಸರಿಯಿದ್ದರೆ ಅಂಕ, ಇಲ್ಲದಿದ್ದರೆ ಕೆಂಪು ಗೀಟು; ನಡುವಿನ ಹೆಜ್ಜೆಗಳನ್ನು ನೋಡುವ ತಾಳ್ಮೆಯು ನನಗೆ ಇದ್ದದ್ದು ಕಡಿಮೆ. ಈ ಕೂಟದಲ್ಲಿ "ಇಲ್ಲ" ಎಂಬುದೂ ಉತ್ತರವೇ. ಅದನ್ನೂ ಬರೆದಿಡುವರು, ಅದನ್ನೂ ಸರಿನೋಡುವರು. ಯಂತ್ರವು ಎಡವಿರಬಹುದೆಂದು ಮೊದಲೆಲ್ಲ ಪ್ರತಿಯೊಂದು "ಇಲ್ಲ"ವನ್ನೂ ಮತ್ತೊಬ್ಬರ ಯಂತ್ರದಲ್ಲಿ ಪೂರ್ತಿಯಾಗಿ ಪುನಃ ಲೆಕ್ಕಮಾಡಿಸುತ್ತಿದ್ದರು. 2020ರಿಂದೀಚೆಗೆ ಲೆಕ್ಕದ ಜೊತೆಗೆ ಸಾಕ್ಷ್ಯವನ್ನೂ ಒದಗಿಸಿ, ಅಲ್ಪ ಶ್ರಮದಿಂದ ಪರಿಶೀಲಿಸುವ ಮಾರ್ಗವು ಬಂದಿದೆ. ಕೋಲನು ಮೂರು ವರ್ಷಗಳ ಭಾನುವಾರಗಳನ್ನು ಕಳೆದು ತಂದದ್ದೂ ಒಂದು "ಅಲ್ಲ"ವನ್ನೇ ಅಲ್ಲವೆ? ಫಲವು ಒಬ್ಬನ ಕೈಗೆ ಬಿದ್ದರೂ ಕಾಡನ್ನು ಸವರಿದವರು ಎಲ್ಲರೂ.

ಇನ್ನು ಪ್ರಯೋಜನದ ಮಾತು. ಬ್ಯಾಂಕಿನ ವ್ಯವಹಾರಗಳನ್ನು ಗೋಪ್ಯವಾಗಿಡುವ ವಿಧಾನಗಳಲ್ಲಿ ಹೆಸರಾದ ಒಂದಕ್ಕೆ ಅವಿಭಾಜ್ಯಗಳೇ ಆಧಾರ. ಆದರೆ ಅಲ್ಲಿ ಬೇಕಾಗುವುದು ಮುನ್ನೂರು ಅಂಕಿಗಳ ಆಸುಪಾಸಿನವು. ನಾಲ್ಕು ಕೋಟಿ ಅಂಕಿಗಳದನ್ನು ಯಾವ ಬ್ಯಾಂಕೂ ಕೇಳುವುದಿಲ್ಲ. ಇದನ್ನು ಮುಚ್ಚಿಟ್ಟು ಹುಡುಕಾಟವನ್ನು ಹೊಗಳುವುದು ಸರಿಯಲ್ಲ. ಆದರೂ ಪಕ್ಕದ ಫಲಗಳು ಕೆಲವುಂಟು. 1994ರಲ್ಲಿ ನೈಸ್ಲಿ ಎಂಬ ಪ್ರಾಧ್ಯಾಪಕರು ಅವಿಭಾಜ್ಯಗಳ ಲೆಕ್ಕವೊಂದನ್ನು ಮಾಡುತ್ತಿದ್ದಾಗ ಇಂಟೆಲ್ ಕಂಪೆನಿಯ ಪೆಂಟಿಯಂ ಗಣಕಗಳು ಭಾಗಾಕಾರದಲ್ಲಿ ತಪ್ಪುವುದು ಬೆಳಕಿಗೆ ಬಂದಿತು. 2016ರಲ್ಲಿ ಅದೇ ಕಂಪೆನಿಯ ಹೊಸ ಗಣಕಗಳ ದೋಷವೊಂದು ಈ ಕೂಟದ ತಂತ್ರಾಂಶದಿಂದಲೇ ಹೊರಬಿತ್ತು. ಇವೆಲ್ಲಕ್ಕಿಂತ ಮಿಗಿಲಾದದ್ದು ತಿಳಿವು. ಮರ್ಸೆನ್ ಅವಿಭಾಜ್ಯಗಳು ಅನಂತವೋ, ಎಲ್ಲಿಯಾದರೂ ಮುಗಿಯುವುವೋ ಎಂಬುದನ್ನು ಯಾರೂ ಇನ್ನೂ ಸಾಧಿಸಿಲ್ಲ.

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಆ ತಾಯಿಯು, "ನಮ್ಮ ಕಡೆಯವರು ಯಾರಾದರೂ ಇದಕ್ಕಾಗಿ ದುಡಿದಿದ್ದಾರೆಯೇ?" ಎಂದು ಕೇಳಿದರು. ಈ ಕೂಟದಲ್ಲಲ್ಲ, ಅವಿಭಾಜ್ಯಗಳ ಉಪಾಸನೆಯಲ್ಲಿ ಬಾಳನ್ನೇ ಸವೆಸಿದವರೊಬ್ಬರ ಕಥೆಯನ್ನು ನಾನೇ ಹೇಳಿದೆನು. 1933ರಲ್ಲಿ ಮಂಡ್ಯದಲ್ಲಿ ಜನಿಸಿದ ಕೆ. ರಾಮಚಂದ್ರ ಅವರು ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ತಂದೆಯವರು ದುಡಿದಿದ್ದ ಮಿನರ್ವ ಮಿಲ್ಲಿನಲ್ಲಿಯೇ ಗುಮಾಸ್ತರಾಗಿದ್ದುಕೊಂಡು, ಬಿಡುವಿನ ವೇಳೆಯಲ್ಲಿ ಸಂಖ್ಯಾಶಾಸ್ತ್ರವನ್ನು ತಾವೇ ಅಭ್ಯಾಸ ಮಾಡಿದರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಲೋಕಮಾನ್ಯ ಗಣಿತಜ್ಞರಾದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ಹಾರ್ಡಿ ರಾಮಾನುಜನ್ ಹೆಸರಿನ ಗಣಿತಪತ್ರಿಕೆಯನ್ನು ಆರಂಭಿಸಿ, ಜೀವಮಾನವಿಡೀ ನಡೆಸಿದರು. ನಿವೃತ್ತಿಯ ತರುವಾಯವೂ ಅವರು ವಿಶ್ರಮಿಸಿಕೊಳ್ಳಲಿಲ್ಲ. ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕುಳಿತು ಅದೇ ವಿಷಯದಲ್ಲಿ ದುಡಿದು, 2011ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಸಂಖ್ಯೆಯು ಅವಿಭಾಜ್ಯವೋ ಅಲ್ಲವೋ ಎಂಬುದನ್ನು ತಕ್ಕ ಕಾಲದಲ್ಲಿ ನಿಶ್ಚಯಿಸುವ ಸಾರ್ವತ್ರಿಕ ವಿಧಾನವನ್ನು 2002ರಲ್ಲಿ ಕಾನ್ಪುರದಲ್ಲಿ ಕೊಟ್ಟ ಮೂವರಲ್ಲಿ ಒಬ್ಬರಾದ ನೀರಜ್ ಕಯಾಲ್ ಅವರು ತರುವಾಯ ನಮ್ಮ ಬೆಂಗಳೂರಿನಲ್ಲಿಯೇ ಸಂಶೋಧನೆಯಲ್ಲಿ ತೊಡಗಿದರು.

"ಗುಮಾಸ್ತಗಿರಿ ಮಾಡುತ್ತಲೇ ಕಲಿತರೇ?" ಎಂದು ಆ ತಾಯಿ ಮೆಲ್ಲನೆ ಕೇಳಿದರು. "ಹೌದಮ್ಮ, ಕೆಲಸವನ್ನೂ ಬಿಡಲಿಲ್ಲ, ಲೆಕ್ಕವನ್ನೂ ಬಿಡಲಿಲ್ಲ" ಎಂದೆನು. ನ್ಯಾಯ ಹೇಳುವ ದಾರಿಯು ನನಗೆ ಆ ಮಾತಿನಲ್ಲಿಯೇ ಸಿಕ್ಕಿತು. ದಾನವು ಒಳ್ಳೆಯದು, ಆದರೆ ತಾಯಿಯ ಅಡಿಗೆಮನೆಯ ಹಣದಿಂದ, ಅವರನ್ನು ಕೇಳದೆ ಮಾಡಿದ ದಾನವು ದಾನವಲ್ಲ. ಆದುದರಿಂದ ಯಂತ್ರವು ರಾತ್ರಿ ಎಂಟು ಗಂಟೆಗಳ ಕಾಲ ಮಾತ್ರ ಓಡಬೇಕು. ತಿಂಗಳಿಗೆ 24 ಯೂನಿಟ್ಟು ಮೀರದು, ಮನೆಯ ಮಿತಿಯೂ ಉಳಿಯುವುದು. ಮೂರು ವಾರ ಹಿಡಿದ ಕೆಲಸವು ಒಂಬತ್ತು ವಾರ ಹಿಡಿಯಲಿ. ಮುನ್ನೂರು ವರ್ಷ ಕಾದ ಶಾಸ್ತ್ರಕ್ಕೆ ಆರು ವಾರಗಳ ತಡವು ಭಾರವಾಗದು. ಇಬ್ಬರೂ ಒಪ್ಪಿದರು.

ಮನೆಯಲ್ಲಿ ಇಂಥ ಹುಚ್ಚು ಹಿಡಿದ ಮಕ್ಕಳಿದ್ದರೆ ವಾಚಕರು ಮೊದಲು ಬಿಲ್ಲನ್ನು ನೋಡಲಿ, ಅದು ಗೃಹಸ್ಥನ ಧರ್ಮ. ಆಮೇಲೆ ಕುಳಿತು ಒಂದು ಗಂಟೆ ಮಗುವಿನ ಮಾತನ್ನೂ ಕೇಳಲಿ. ಕೇಳದೆ ನಕ್ಕಿದ್ದರೆ ನನಗೆ ನಷ್ಟವಾಗುತ್ತಿದ್ದಿತು.

ಮೊನ್ನೆ ಬೆಳಗ್ಗೆ ತರಕಾರಿ ಕೊಳ್ಳುವಾಗ ಆ ತಾಯಿಯು ಎದುರಾದರು. ಬಿಲ್ಲಿನ ಮಾತೆತ್ತಲಿಲ್ಲ. "ಈ ಸಲದ್ದೂ ಒಡೆಯುತ್ತದಂತೆ ಮೇಷ್ಟ್ರೇ. ಮತ್ತೊಂದನ್ನು ಕೊಟ್ಟಿದ್ದಾರಂತೆ" ಎಂದು, ಚೀಲವನ್ನು ಕೈ ಬದಲಿಸಿಕೊಂಡು ಮನೆಯ ಕಡೆಗೆ ನಡೆದರು.